ಬ್ಲಾಕ್‌ಚೈನ್ ಕಾನ್ಫಿಗ್ ರೆಪೊ ಪಬ್ಲಿಕ್ ಮಾಡೋದಾ, ಬೇಡವಾ? ಗುಂಡಿ ಒತ್ತೋ ಮುಂಚೆ ಕೇಳಬೇಕಾದ ಪ್ರಶ್ನೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಬಸ್‌ನಲ್ಲಿ ಓದ್ಕೊಳ್ಳೋರಿಗೆ ಅಂತ ಆಡಿದ ಮಾತನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕಿದ್ದೀನಿ.

ಇವತ್ತಿನ ವಿಷಯ: ಕಂಪನಿಯೊಳಗೆ ಇಟ್ಟುಕೊಂಡಿರೋ ಬ್ಲಾಕ್‌ಚೈನ್ ಕಾನ್ಫಿಗರೇಶನ್ ರೆಪೊವನ್ನ ಪಬ್ಲಿಕ್ ಮಾಡಬೇಕಾ, ಬೇಡವಾ? ಗಿಟ್‌ಹಬ್‌ನಲ್ಲಿ ಇದು ಒಂದು ನಿಮಿಷದ ಕೆಲಸ. ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗಿನ ತನಕ ಇಳಿದು, ಡೇಂಜರ್ ಝೋನ್ ಅಂತ ಬರೆದಿರೋ ಜಾಗದಲ್ಲಿ ಒತ್ತಿದ್ರೆ ಮುಗೀತು. ಆ ಒಂದು ನಿಮಿಷದ ಬಗ್ಗೆ ನಮ್ಮ ಟೀಮಲ್ಲಿ ಎರಡು ತಿಂಗಳು ಚರ್ಚೆ ನಡೀತು. ಅದರಿಂದ ನನಗೆ ಸ್ಪಷ್ಟವಾದ ಸಂಗತಿ ಒಂದು. ನಾವೆಲ್ಲ ಮೊದಲು ಕೇಳೋದು "ಇದರಲ್ಲಿ ಗುಟ್ಟು ಏನಿದೆ?" ಅಂತ. ಅದಕ್ಕೂ ಮೊದಲು ಕೇಳಬೇಕಾದ್ದು "ಇದನ್ನ ಪರೀಕ್ಷೆ ಮಾಡಿ ನೋಡಬೇಕಾದವರು ಯಾರು?" ಅಂತ. ಹಾಗೆ ಯಾಕೆ ಹೇಳ್ತೀನಿ ಅಂತ ಒಂದೊಂದಾಗಿ ನೋಡೋಣ.

ಈ ರೆಪೊದಲ್ಲಿ ಇರೋದಾದ್ರೂ ಏನು?

ಬ್ಲಾಕ್‌ಚೈನ್ ಕೆಲಸ ಮಾಡದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ. ನೋಡ್ ಸಾಫ್ಟ್‌ವೇರ್ ಎಲ್ಲರದ್ದೂ ಒಂದೇ ಇರಬಹುದು. ಆದ್ರೆ ಆ ನೋಡ್ ಯಾವ ಚೈನ್‌ಗೆ ಸೇರುತ್ತೆ, ಯಾವ ನಿಯಮ ಪಾಲಿಸುತ್ತೆ ಅನ್ನೋದನ್ನ ಕಾನ್ಫಿಗ್ ಹೇಳುತ್ತೆ. ಅದರಲ್ಲಿ ಮುಖ್ಯವಾದ್ದು ಜೆನೆಸಿಸ್ ಫೈಲ್, ಅಂದ್ರೆ ಚೈನ್‌ನ ಮೊದಲ ಬ್ಲಾಕ್ ಹೇಗಿತ್ತು ಅನ್ನೋ ವಿವರ. ಆಮೇಲೆ ಚೈನ್ ಐಡಿ. ಎಥೀರಿಯಂ ಮೇನ್‌ನೆಟ್‌ನ ಚೈನ್ ಐಡಿ 1. ಒಂದು ಚೈನ್‌ನಲ್ಲಿ ಸಹಿ ಮಾಡಿದ ವ್ಯವಹಾರವನ್ನ ಯಾರೋ ಎತ್ತಿಕೊಂಡು ಹೋಗಿ ಇನ್ನೊಂದು ಚೈನ್‌ನಲ್ಲಿ ಚಲಾಯಿಸಬಾರದು ಅಂತ 2016ರಲ್ಲಿ ಈ ನಂಬರನ್ನ ಸಹಿಯೊಳಗೇ ಸೇರಿಸಿದ್ರು. ಆಮೇಲೆ ಯಾವ ಬ್ಲಾಕ್‌ನಿಂದ ಯಾವ ಹೊಸ ನಿಯಮ ಜಾರಿ ಅನ್ನೋ ಪಟ್ಟಿ. ಹೊಸ ನೋಡ್ ಮೊದಲು ಯಾರನ್ನ ಮಾತಾಡಿಸಬೇಕು ಅನ್ನೋ ಬೂಟ್‌ನೋಡ್ ವಿಳಾಸಗಳು. ಕನ್ಸಾರ್ಶಿಯಂ ಚೈನ್ ಆದ್ರೆ ಇನ್ನೊಂದು ಮುಖ್ಯ ಸಂಗತಿ: ಬ್ಲಾಕ್‌ಗೆ ಸಹಿ ಹಾಕೋ ಅಧಿಕಾರ ಇರೋ ವ್ಯಾಲಿಡೇಟರ್‌ಗಳ ಪಟ್ಟಿ.

ಇಷ್ಟೇ ಇದ್ರೆ ಚರ್ಚೆಯೇ ಬೇಡ. ಆದ್ರೆ ಕೆಲಸ ಮಾಡ್ತಾ ಮಾಡ್ತಾ ಅದೇ ರೆಪೊಗೆ ಬೇರೆ ಸಾಮಾನೂ ಬಂದು ಸೇರುತ್ತೆ. ಸರ್ವರ್‌ಗಳ ಐಪಿ, ಟೆರಾಫಾರ್ಮ್ ಫೈಲ್, ಅಲರ್ಟ್ ಯಾವ ಮಟ್ಟಕ್ಕೆ ಬಡಿಯಬೇಕು ಅನ್ನೋ ಲೆಕ್ಕ, ಯಾರು ಯಾವ ರಾತ್ರಿ ಆನ್‌ಕಾಲ್ ಅನ್ನೋ ಪಟ್ಟಿ, ಕೀ ಎಲ್ಲಿದೆ ಅನ್ನೋ ದಾರಿ.

ನಮ್ಮೂರ ಕಡೆ ಚೀಟಿ ವ್ಯವಹಾರ ನೋಡಿರ್ತೀರಲ್ಲ. ಎಷ್ಟು ಜನ, ತಿಂಗಳಿಗೆ ಎಷ್ಟು, ಹರಾಜು ಹೇಗೆ, ಬರೆಯೋರು ಯಾರು ಅನ್ನೋದು ಪುಸ್ತಕದ ಮೊದಲ ಪುಟದಲ್ಲಿರುತ್ತೆ. ಆ ಪುಟ ಕಟ್ಟೋರಿಗೆಲ್ಲ ಕಾಣಬೇಕು, ಇಲ್ಲದಿದ್ರೆ ಯಾರೂ ದುಡ್ಡು ಕಟ್ಟಲ್ಲ. ದುಡ್ಡಿಟ್ಟ ಬೀರುವಿನ ಬೀಗದ ಕೈ ಯಾರಿಗೂ ಕಾಣಬಾರದು. ನಮ್ಮ ಕಾನ್ಫಿಗ್ ರೆಪೊಗಳಲ್ಲಿ ಬಹಳಷ್ಟು ಸಲ ಮೊದಲ ಪುಟ, ಬೀಗದ ಕೈ ಎರಡೂ ಒಂದೇ ಚೀಲದಲ್ಲಿರುತ್ತೆ. ಆಮೇಲೆ "ಚೀಲ ತೋರಿಸೋದಾ ಬೇಡವಾ" ಅಂತ ಕೂತು ಜಗಳ ಆಡ್ತೀವಿ.

ಪ್ರಶ್ನೆ ಹುಟ್ಟಿದ್ದು ಎಲ್ಲಿ?

ನಾನು ಕೆಲಸ ಮಾಡೋ ಪುಣೆಯ ಕಂಪನಿ ಗೋದಾಮು ರಸೀದಿಗಳಿಗೆ ಅಂತ ಒಂದು ಚೈನ್ ನಡೆಸುತ್ತೆ. ರೈತರೋ ವ್ಯಾಪಾರಿಯೋ ಸರಕನ್ನ ಗೋದಾಮಿನಲ್ಲಿಟ್ಟು ರಸೀದಿ ತಗೋತಾರೆ, ಆ ರಸೀದಿ ಮೇಲೆ ಬ್ಯಾಂಕ್ ಸಾಲ ಕೊಡುತ್ತೆ. ಒಂದೇ ರಸೀದಿ ಮೇಲೆ ಎರಡು ಕಡೆ ಸಾಲ ಆಗಬಾರದು ಅನ್ನೋದಕ್ಕೆ ಈ ಚೈನ್. ಹೈಪರ್‌ಲೆಡ್ಜರ್ ಬೆಸು ಮೇಲೆ, ಕ್ಯೂಬಿಎಫ್‌ಟಿ ಅನ್ನೋ ಒಮ್ಮತದ ಪದ್ಧತಿಯಲ್ಲಿ ನಡೆಯುತ್ತೆ. ಆರು ವ್ಯಾಲಿಡೇಟರ್‌ಗಳು.

ಸದಸ್ಯರಲ್ಲಿ ಒಂದು ಸಣ್ಣ ಸಹಕಾರಿ ಬ್ಯಾಂಕ್ ಇದೆ. ಅವರ ಐಟಿ ಅಧಿಕಾರಿ ಒಂದು ಮೀಟಿಂಗಲ್ಲಿ ಕೇಳಿದ್ರು: "ಸರ್, ನಿಮ್ಮ ಪೋರ್ಟಲ್‌ನಲ್ಲಿ ರಸೀದಿ ಹಸಿರು ಅಂತ ತೋರಿಸುತ್ತೆ, ನಾವು ಸಾಲ ಕೊಡ್ತೀವಿ. ಅದು ನಿಜವಾಗ್ಲೂ ಹಸಿರಾ ಅಂತ ನಮ್ಮದೇ ನೋಡ್‌ನಲ್ಲಿ ನೋಡ್ಬೇಕು. ಕಾನ್ಫಿಗ್ ಕೊಡಿ. ನಿಯಮ ಬದಲಾದ್ರೆ ನಮಗೆ ಹೇಗೆ ಗೊತ್ತಾಗುತ್ತೆ, ಅದನ್ನೂ ಹೇಳಿ."

ನಮ್ಮ ಕಡೆಯಿಂದ ಹೋದ ಮೊದಲ ಉತ್ತರ: "ಅದು ಇಂಟರ್ನಲ್ ರೆಪೊ." ಅವರ ಮರುಪ್ರಶ್ನೆ: "ಹಾಗಿದ್ರೆ ನಾವು ನಂಬ್ತಿರೋದು ಚೈನನ್ನೋ, ನಿಮ್ಮನ್ನೋ?"

ಈ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಒಂದು ಕಂಪನಿಯನ್ನ ನಂಬೋದೇ ಆದ್ರೆ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಕಿತ್ತು. ಖರ್ಚೂ ಕಮ್ಮಿ, ವೇಗವೂ ಜಾಸ್ತಿ. ಯಾರನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ, ಪ್ರತಿಯೊಬ್ಬರೂ ತಾವೇ ಲೆಕ್ಕ ಹಾಕಿ ನೋಡಬಹುದು ಅನ್ನೋದೇ ಬ್ಲಾಕ್‌ಚೈನ್‌ಗೆ ಕೊಡೋ ಬೆಲೆ. ನಿಯಮದ ಪುಟವನ್ನೇ ಮುಚ್ಚಿಟ್ಟರೆ ಆ ಬೆಲೆ ಕೊಟ್ಟಿದ್ದು ದಂಡ.

ಬೇರೆಯವರು ಏನು ಮಾಡ್ತಾರೆ?

ಪಬ್ಲಿಕ್ ಚೈನ್‌ಗಳಲ್ಲಿ ಈ ಪ್ರಶ್ನೆಯೇ ಏಳಲ್ಲ. ಬಿಟ್‌ಕಾಯಿನ್‌ನ ಜೆನೆಸಿಸ್ ಬ್ಲಾಕ್ 2009ರ ಜನವರಿ 3ರದ್ದು. ಅದರ ವಿವರ, ಡಿಎನ್‌ಎಸ್ ಸೀಡ್‌ಗಳು, ನೆಟ್‌ವರ್ಕ್ ನಿಯಮಗಳು ಎಲ್ಲ ಬಿಟ್‌ಕಾಯಿನ್ ಕೋರ್‌ನ ಸೋರ್ಸ್ ಕೋಡ್‌ನಲ್ಲೇ ಇವೆ, ಯಾರು ಬೇಕಾದ್ರೂ ಓದಬಹುದು. ಎಥೀರಿಯಂನಲ್ಲಿ ಮೇನ್‌ನೆಟ್, ಸೆಪೋಲಿಯಾ, ಹೊಲೆಸ್ಕಿ ಹೀಗೆ ಒಂದೊಂದು ನೆಟ್‌ವರ್ಕ್‌ನ ಕಾನ್ಫಿಗ್‌ಗೂ ಒಂದೊಂದು ಪಬ್ಲಿಕ್ ರೆಪೊ ಇದೆ. ಕಾಸ್ಮೋಸ್ ಜಗತ್ತಿನಲ್ಲಿ ಚೈನ್ ರಿಜಿಸ್ಟ್ರಿ ಅಂತ ಒಂದೇ ಪಬ್ಲಿಕ್ ರೆಪೊದಲ್ಲಿ ಹತ್ತಾರು ಚೈನ್‌ಗಳ ವಿವರ ಇಟ್ಟಿದ್ದಾರೆ.

"ಅದೆಲ್ಲ ಕ್ರಿಪ್ಟೋದವರ ಲೆಕ್ಕ, ನಮ್ಮದು ಬ್ಯಾಂಕಿಂಗ್" ಅಂತ ನಮ್ಮಲ್ಲೂ ಒಬ್ಬರು ಹೇಳಿದ್ರು. ಸರಿ, ಮುಂಬೈ ಉದಾಹರಣೆಯನ್ನೇ ತಗೊಳ್ಳೋಣ. ಯುಪಿಐ ನಡೆಸೋ ಎನ್‌ಪಿಸಿಐ 2024ರಲ್ಲಿ ಫಾಲ್ಕನ್ ಅನ್ನೋ ಪ್ರಾಜೆಕ್ಟನ್ನ ಓಪನ್ ಸೋರ್ಸ್ ಮಾಡಿತು. ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ನೆಟ್‌ವರ್ಕನ್ನ ಕುಬರ್‌ನೆಟಿಸ್ ಮೇಲೆ ನಿಲ್ಲಿಸೋಕೆ ಬೇಕಾದ ಹೆಲ್ಮ್ ಚಾರ್ಟ್‌ಗಳು ಅದು. ಅಂದ್ರೆ ಕಟ್ಟೋ ವಿಧಾನ ಬಯಲಲ್ಲಿದೆ. ವಿಧಾನ ತೋರಿಸಿದ ಮಾತ್ರಕ್ಕೆ ತಮ್ಮ ನೆಟ್‌ವರ್ಕ್‌ನ ಕೀಗಳನ್ನ ತೋರಿಸಬೇಕಾಗಿಲ್ಲ. ವಿಧಾನ ಬೇರೆ, ಬೀಗದ ಕೈ ಬೇರೆ.

ಎಂಟೆಕ್‌ನಲ್ಲಿ ಕ್ರಿಪ್ಟೋಗ್ರಫಿ ಓದಿದವರಿಗೆ ಇದು ಹಳೇ ಪಾಠ. ಓಗುಸ್ತ್ ಕೆರ್ಕ್‌ಹಾಫ್ಸ್ ಅನ್ನೋ ವಿದ್ವಾಂಸ 1883ರಲ್ಲೇ ಸೈನ್ಯದ ಗುಪ್ತಲಿಪಿ ಬಗ್ಗೆ ಬರೀತಾ ಈ ವಿಚಾರ ಮುಂದಿಟ್ಟಿದ್ದ: ಪದ್ಧತಿ ಪೂರ್ತಿ ಶತ್ರುವಿನ ಕೈಗೆ ಸಿಕ್ಕರೂ, ಕೀ ಒಂದು ಗುಟ್ಟಾಗಿದ್ರೆ ಸಂದೇಶ ಸುರಕ್ಷಿತವಾಗಿರಬೇಕು. ನಿಮ್ಮ ಚೈನ್‌ನ ಭದ್ರತೆ ಜೆನೆಸಿಸ್ ಫೈಲ್ ಯಾರಿಗೂ ಕಾಣದೇ ಇರೋದರ ಮೇಲೆ ನಿಂತಿದೆ ಅಂದ್ರೆ, ರೆಪೊ ಮುಚ್ಚಿಡೋದು ಪರಿಹಾರ ಅಲ್ಲ. ವಿನ್ಯಾಸದಲ್ಲೇ ತೊಂದರೆ ಇದೆ.

ಬಯಲಲ್ಲಿಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತಾ?

ಇಲ್ಲ. ಇದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 2025ರ ಫೆಬ್ರವರಿ 24ರಂದು ಎಥೀರಿಯಂನ ಹೊಲೆಸ್ಕಿ ಟೆಸ್ಟ್‌ನೆಟ್‌ನಲ್ಲಿ ಪೆಕ್ಟ್ರಾ ಅನ್ನೋ ಅಪ್‌ಗ್ರೇಡ್ ಜಾರಿಯಾಯ್ತು. ಹೊಸ ನಿಯಮದ ಪ್ರಕಾರ ನೋಡ್ ಸಾಫ್ಟ್‌ವೇರ್ ಡೆಪಾಸಿಟ್ ಕಾಂಟ್ರಾಕ್ಟ್‌ನ ವಿಳಾಸವನ್ನ ನೋಡಿ ಕೆಲಸ ಮಾಡಬೇಕಿತ್ತು. ಗೆಥ್, ನೆದರ್‌ಮೈಂಡ್, ಬೆಸು ಮೂರರಲ್ಲೂ ಹೊಲೆಸ್ಕಿಗೆ ಆ ವಿಳಾಸ ಸರಿಯಾಗಿ ಹಾಕಿರಲಿಲ್ಲ. ಬಹುಪಾಲು ನೋಡ್‌ಗಳು ಒಪ್ಪಬಾರದ ಬ್ಲಾಕನ್ನ ಒಪ್ಪಿಕೊಂಡವು, ಚೈನ್ ಒಡೆಯಿತು. ಮತ್ತೆ ಫೈನಲೈಸ್ ಆಗೋ ಹೊತ್ತಿಗೆ ಎರಡು ವಾರ ಹಿಡೀತು.

ಇದೆಲ್ಲ ಪಬ್ಲಿಕ್ ಕೋಡ್. ಯಾರು ಬೇಕಾದ್ರೂ ಓದಬಹುದಿತ್ತು. ಆದ್ರೂ ತಪ್ಪು ದಾಟಿ ಹೋಯ್ತು. ಬಾಗಿಲು ತೆಗೆದಿಟ್ಟ ಮಾತ್ರಕ್ಕೆ ಯಾರೋ ಒಳಗೆ ಬಂದು ನೋಡಿಯೇ ನೋಡ್ತಾರೆ ಅನ್ನೋ ಗ್ಯಾರಂಟಿ ಇಲ್ಲ.

ಹಾಗಂತ ಲಾಭವೂ ಕಣ್ಣೆದುರಿಗಿದೆ. ಮೂರು ಬೇರೆ ಬೇರೆ ತಂಡಗಳ ಫೈಲ್‌ಗಳನ್ನ ಪಕ್ಕಪಕ್ಕ ಇಟ್ಟು ತಪ್ಪು ಎಲ್ಲಿದೆ ಅಂತ ಯಾರು ಬೇಕಾದ್ರೂ ತೋರಿಸಬಹುದಾಗಿತ್ತು. ಕಾರಣದ ಬಗ್ಗೆ ಯಾರ ಮಾತನ್ನೂ ಸುಮ್ಮನೆ ನಂಬಬೇಕಾಗಿರಲಿಲ್ಲ. ಆ ಮಾರ್ಚ್‌ನಲ್ಲೇ ಹೂಡಿ ಅನ್ನೋ ಹೊಸ ಟೆಸ್ಟ್‌ನೆಟ್ ಎಬ್ಬಿಸಿದ್ರು, ಮೇ 7ರಂದು ಮೇನ್‌ನೆಟ್‌ನಲ್ಲಿ ಪೆಕ್ಟ್ರಾ ಜಾರಿಯಾಯ್ತು. ಅಂದಹಾಗೆ, ಬೆಂಗಳೂರಿನವರಿಗೆ ಹೂಡಿ ಅಂದ ತಕ್ಷಣ ವೈಟ್‌ಫೀಲ್ಡ್ ಟ್ರಾಫಿಕ್ ನೆನಪಾಗುತ್ತೆ, ಅದು ಬೇರೆ ಮಾತು.

"ಬೇಡ" ಅನ್ನೋದರ ಹಿಂದಿನ ಮೂರು ಕಾರಣ

ನಮ್ಮ ಚರ್ಚೆಯಲ್ಲಿ "ಬೇಡ" ಅಂದವರ ಮಾತುಗಳನ್ನೆಲ್ಲ ಒಂದು ಕಡೆ ಬರೆದಾಗ ಅವು ಮೂರು ರಾಶಿ ಆದವು. ನಾನು ಅವಕ್ಕೆ ಗುಟ್ಟು, ನಕ್ಷೆ, ಮುಜುಗರ ಅಂತ ಹೆಸರಿಟ್ಟೆ.

ಮೊದಲನೇದು ಗುಟ್ಟು. ಪ್ರೈವೇಟ್ ಕೀ, ಕ್ಲೌಡ್ ಟೋಕನ್, ಪಾಸ್‌ವರ್ಡ್. ಇವು ಪಬ್ಲಿಕ್ ರೆಪೊದಲ್ಲಿ ಇರಬಾರದು ಅನ್ನೋದು ಎಲ್ಲರಿಗೂ ಗೊತ್ತು. ಆದ್ರೆ ಇವು ಪ್ರೈವೇಟ್ ರೆಪೊದಲ್ಲೂ ಇರಬಾರದು. 2016ರಲ್ಲಿ ಊಬರ್‌ನ ಎಂಜಿನಿಯರ್‌ಗಳು ಬಳಸ್ತಿದ್ದ ಪ್ರೈವೇಟ್ ಗಿಟ್‌ಹಬ್ ರೆಪೊಗೆ ನುಗ್ಗಿದವರಿಗೆ ಅಲ್ಲೇ ಅಮೆಜಾನ್ ಕ್ಲೌಡ್‌ನ ಕೀ ಸಿಕ್ತು, 5.7 ಕೋಟಿ ಜನರ ವಿವರ ಹೊರಗೆ ಹೋಯ್ತು. ಟೊಯೋಟಾದ ಟಿ-ಕನೆಕ್ಟ್ ಸೇವೆಯದ್ದು ಉಲ್ಟಾ ಕಥೆ: ಆಕ್ಸೆಸ್ ಕೀ ಇದ್ದ ಸೋರ್ಸ್ ಕೋಡ್ 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ, ಹತ್ತಿರ ಹತ್ತಿರ ಐದು ವರ್ಷ, ಗಿಟ್‌ಹಬ್‌ನಲ್ಲಿ ಪಬ್ಲಿಕ್ ಆಗಿಯೇ ಇತ್ತು. 2,96,019 ಗ್ರಾಹಕರ ಇಮೇಲ್ ವಿಳಾಸ ಬಯಲಾಗಿರಬಹುದು ಅಂತ ಕಂಪನಿಯೇ ಹೇಳಿತು.

ಬ್ಲಾಕ್‌ಚೈನ್‌ನಲ್ಲಿ ಇದಕ್ಕೆ ನಮ್ಮದೇ ಆದ ರೂಪ ಇದೆ. ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಕಲಿಯುವಾಗ ಕ್ರಿಪ್ಟೋಜೆನ್ ಓಡಿಸ್ತೀವಿ, ಅದು ಸರ್ಟಿಫಿಕೇಟ್‌ಗಳ ಪಕ್ಕದಲ್ಲೇ ಕೀಸ್ಟೋರ್ ಫೋಲ್ಡರ್ ಮಾಡಿ ಪ್ರೈವೇಟ್ ಕೀ ಇಡುತ್ತೆ. ಪೂರ್ತಿ ಫೋಲ್ಡರನ್ನ ಕಮಿಟ್ ಮಾಡೋದು ಬಹಳ ಸುಲಭ. ಆದ್ದರಿಂದ "ಗುಟ್ಟು ಇದೆ, ಪಬ್ಲಿಕ್ ಬೇಡ" ಅಂತ ಯಾರಾದ್ರೂ ಅಂದ್ರೆ ಉತ್ತರ ಒಂದೇ: ರೆಪೊ ಪ್ರೈವೇಟ್ ಆಗಿಯೇ ಇರಲಿ, ಗುಟ್ಟನ್ನ ಇವತ್ತೇ ತೆಗೀರಿ, ಕೀ ಬದಲಾಯಿಸಿ.

ಎರಡನೇದು ನಕ್ಷೆ. ಒಂದು ಐಪಿ ವಿಳಾಸ ಗುಟ್ಟಲ್ಲ. ಒಂದು ಪೋರ್ಟ್ ನಂಬರ್ ಗುಟ್ಟಲ್ಲ. ಆದ್ರೆ ಎಲ್ಲ ವ್ಯಾಲಿಡೇಟರ್‌ಗಳ ಐಪಿ, ಯಾವುದು ಯಾವ ಕ್ಲೌಡ್‌ನ ಯಾವ ರೀಜನ್‌ನಲ್ಲಿದೆ, ಅಲರ್ಟ್ ಎಷ್ಟು ನಿಮಿಷಕ್ಕೆ ಬಡಿಯುತ್ತೆ, ಭಾನುವಾರ ರಾತ್ರಿ ಯಾರಿರ್ತಾರೆ, ಎಲ್ಲ ಸೇರಿದ್ರೆ ಕಳ್ಳನ ಕೈಗೆ ಮನೆಯ ನಕ್ಷೆ ಕೊಟ್ಟಂತೆ. ಕಾಸ್ಮೋಸ್‌ನವರು ಪಬ್ಲಿಕ್ ಚೈನ್ ಆದ್ರೂ ಇದನ್ನ ಮುಚ್ಚಿಡ್ತಾರೆ. ವ್ಯಾಲಿಡೇಟರ್ ನೇರವಾಗಿ ಇಂಟರ್‌ನೆಟ್‌ಗೆ ಮುಖ ಮಾಡಲ್ಲ, ಅದರ ಮುಂದೆ ಸೆಂಟ್ರಿ ನೋಡ್‌ಗಳು ಕಾವಲು ನಿಂತಿರ್ತವೆ, ಒಳಗಿನ ನೋಡ್‌ನ ಗುರುತನ್ನ ಬೇರೆಯವರಿಗೆ ಹೇಳಬೇಡ ಅಂತ ಕಾನ್ಫಿಗ್‌ನಲ್ಲೇ ಬರೆದಿರ್ತಾರೆ. ಚೈನ್‌ನ ನಿಯಮ ಪೂರ್ತಿ ಬಯಲು, ವ್ಯಾಲಿಡೇಟರ್‌ನ ಮನೆ ವಿಳಾಸ ಮಾತ್ರ ಮರೆ. ನಕ್ಷೆಯ ವಿಷಯದಲ್ಲಿ "ಬೇಡ" ಅನ್ನೋದು ನ್ಯಾಯವಾದ ಕಾರಣ.

ಮೂರನೇದು ಮುಜುಗರ. ಇದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ, ಸೆಕ್ಯುರಿಟಿ ಅನ್ನೋ ಹೆಸರಲ್ಲಿ ಹೇಳ್ತಾರೆ. ನಮ್ಮಲ್ಲಿ ಅದು ಹೀಗಿತ್ತು. ಕ್ಯೂಬಿಎಫ್‌ಟಿಯಲ್ಲಿ ಒಂದು ಬ್ಲಾಕ್ ಪಾಸಾಗೋಕೆ ವ್ಯಾಲಿಡೇಟರ್‌ಗಳಲ್ಲಿ ಕನಿಷ್ಠ ಮೂರನೇ ಎರಡು ಭಾಗದ ಸಹಿ ಬೇಕು. ಆರರಲ್ಲಿ ನಾಲ್ಕು. ಆ ಆರು ವ್ಯಾಲಿಡೇಟರ್‌ಗಳಲ್ಲಿ ನಾಲ್ಕು ನಮ್ಮ ಕಂಪನಿಯ ಕ್ಲೌಡ್ ಅಕೌಂಟ್‌ನಲ್ಲೇ ಇದ್ದವು. ಶುರುವಿನಲ್ಲಿ ಸದಸ್ಯರ ಹತ್ತಿರ ಸರ್ವರ್ ಸಿದ್ಧ ಇರಲಿಲ್ಲ, ಅವರ ಪರವಾಗಿ ಕಂಪನಿಯೇ ಹೋಸ್ಟ್ ಮಾಡಿತ್ತು, ಅದು ಹಾಗೇ ಉಳಿದಿತ್ತು.

ಇದರ ಅರ್ಥ ಏನು? ನಾವೊಬ್ಬರೇ ಮನಸ್ಸು ಮಾಡಿದ್ರೆ ಬ್ಲಾಕ್ ಪಾಸ್ ಮಾಡಬಹುದು. ನಮ್ಮ ಕ್ಲೌಡ್ ಬಿದ್ದರೆ ಚೈನ್ ನಿಲ್ಲುತ್ತೆ. ನೋಡ್ ನಡೆಸೋ ಯಾರಿಗಾದ್ರೂ ವ್ಯಾಲಿಡೇಟರ್‌ಗಳ ಅಡ್ರೆಸ್ ಕಾಣುತ್ತೆ, ಆದ್ರೆ ಯಾವ ಅಡ್ರೆಸ್ ಯಾರ ಕೈಯಲ್ಲಿದೆ ಅನ್ನೋದು ಕಾಣಲ್ಲ. ಅದು ಗೊತ್ತಾಗ್ತಿದ್ದಿದ್ದು ಕಾನ್ಫಿಗ್ ರೆಪೊದಲ್ಲಿ ಮಾತ್ರ. ಸಹಕಾರಿ ಬ್ಯಾಂಕಿನವರು ಕೇಳ್ತಿದ್ದ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲೇ ಇತ್ತು.

ಗುಟ್ಟನ್ನ ವಾಲ್ಟ್‌ಗೆ ಹಾಕಬೇಕು, ನಕ್ಷೆಯನ್ನ ಬೇರೆ ರೆಪೊಗೆ ಸರಿಸಬೇಕು. ಮುಜುಗರವನ್ನ ಮಾತ್ರ ಎಲ್ಲೂ ಸರಿಸೋಕೆ ಆಗಲ್ಲ, ಅದನ್ನ ರಿಪೇರಿ ಮಾಡಬೇಕು. ಸೆಕ್ಯುರಿಟಿ ಅಂತ ಹೇಳ್ತಿರೋದು ನಿಜಕ್ಕೂ ಈ ಮೂರರಲ್ಲಿ ಯಾವುದು ಅಂತ ಗುರುತಿಸೋದೇ ಅರ್ಧ ಕೆಲಸ.

ಗಿಟ್‌ಗೆ ಮರೆವು ಇಲ್ಲ

ಒಪ್ಪಿಕೊಂಡ್ರಿ ಅಂತಲೇ ಇಟ್ಟುಕೊಳ್ಳಿ. ಆಗ ಆ ಡೇಂಜರ್ ಝೋನ್ ಗುಂಡಿ ಒತ್ತಬಹುದಾ? ನನ್ನ ಸಲಹೆ: ಒತ್ತಬೇಡಿ. ಹಳೇ ರೆಪೊವನ್ನ ಪಬ್ಲಿಕ್ ಮಾಡೋದು ಬೇರೆ, ಪಬ್ಲಿಕ್ ರೆಪೊ ಒಂದನ್ನ ಹೊಸದಾಗಿ ಶುರು ಮಾಡೋದು ಬೇರೆ.

ಹಳೇ ರೆಪೊ ಪಬ್ಲಿಕ್ ಆದ್ರೆ ಇವತ್ತಿನ ಫೈಲ್ ಜೊತೆ ಮೊದಲ ದಿನದಿಂದ ಇರೋ ಪ್ರತಿ ಕಮಿಟ್ಟೂ ಬಯಲಾಗುತ್ತೆ. ಎರಡು ವರ್ಷದ ಹಿಂದೆ ಡಿಲೀಟ್ ಮಾಡಿದ ಪಾಸ್‌ವರ್ಡ್ ಹಿಸ್ಟರಿಯಲ್ಲಿ ಕೂತೇ ಇರುತ್ತೆ. ಕಮಿಟ್ ಮಾಡಿದವರ ಹೆಸರು, ಇಮೇಲ್ ಕಾಣುತ್ತೆ. ಇಶ್ಯೂಗಳಲ್ಲಿ, ಪುಲ್ ರಿಕ್ವೆಸ್ಟ್‌ಗಳಲ್ಲಿ ನೀವು ಒಬ್ಬರಿಗೊಬ್ಬರು ಬರೆದುಕೊಂಡ ಮಾತು ಕಾಣುತ್ತೆ. ಗಿಟ್‌ಹಬ್ ಆಕ್ಷನ್ಸ್‌ನ ಹಳೇ ಲಾಗ್ ಕೂಡ ಎಲ್ಲರಿಗೂ ಕಾಣುತ್ತೆ. ಸದಸ್ಯ ಸಂಸ್ಥೆಯವರ ಬಗ್ಗೆ ಯಾರೋ ಬೇಜಾರಲ್ಲಿ ಬರೆದ ಒಂದು ಸಾಲು ಸಾಕು ಸಂಬಂಧ ಕೆಡಿಸೋಕೆ.

ಹಿಸ್ಟರಿ ತೊಳೆಯೋಕೆ ಫಿಲ್ಟರ್-ರೆಪೊ ಥರದ ಸಲಕರಣೆ ಇದೆ. ಹುಡುಕೋಕೆ ಗಿಟ್‌ಲೀಕ್ಸ್, ಟ್ರಫಲ್‌ಹಾಗ್ ಇವೆ. ಇವನ್ನ ಓಡಿಸಿ, ಬೇಡ ಅನ್ನಲ್ಲ. ಆದ್ರೆ ಯಾರದೋ ಲ್ಯಾಪ್‌ಟಾಪ್‌ನಲ್ಲಿರೋ ಹಳೇ ಕ್ಲೋನ್, ಯಾರೋ ಮಾಡಿಟ್ಟ ಫೋರ್ಕ್ ಇವನ್ನ ಅವು ಮುಟ್ಟಲ್ಲ. ಒಮ್ಮೆ ಕಮಿಟ್ ಆದ ಕೀ ಸೋರಿದ ಕೀ ಅಂತಲೇ ಲೆಕ್ಕ. ಅಳಿಸಿದ್ರೆ ಸಾಲದು, ಬದಲಾಯಿಸಬೇಕು.

ಬ್ಲಾಕ್‌ಚೈನ್‌ನಲ್ಲಿ ಕೀ ಬದಲಾಯಿಸೋದು ಪಾಸ್‌ವರ್ಡ್ ಬದಲಾಯಿಸಿದಷ್ಟು ಸುಲಭ ಅಲ್ಲ. ಬೆಸುವಿನಲ್ಲಿ ನೋಡ್‌ನ ಗುರುತೂ ವ್ಯಾಲಿಡೇಟರ್‌ನ ಸಹಿಯೂ ಒಂದೇ ಕೀಯಿಂದ ಬರುತ್ತೆ. ಕೀ ಬದಲಾದ್ರೆ ವ್ಯಾಲಿಡೇಟರ್ ಅಡ್ರೆಸ್ ಬದಲಾಗುತ್ತೆ. ಹೊಸ ಅಡ್ರೆಸ್ ಸೇರಿಸೋಕೆ ಅರ್ಧಕ್ಕಿಂತ ಹೆಚ್ಚು ವ್ಯಾಲಿಡೇಟರ್‌ಗಳ ವೋಟ್ ಬೇಕು, ಹಳೇದನ್ನ ತೆಗೆಯೋಕೆ ಮತ್ತೆ ವೋಟ್ ಬೇಕು. ಜೊತೆಗೆ ಇನೋಡ್ ವಿಳಾಸವೂ ಬದಲಾಗೋದ್ರಿಂದ ಎಲ್ಲ ಸದಸ್ಯರೂ ತಮ್ಮ ಅನುಮತಿ ಪಟ್ಟಿ ತಿದ್ದಬೇಕು. ಹಳೇ ಹಿಸ್ಟರಿಯಲ್ಲಿ ಒಂದು ವ್ಯಾಲಿಡೇಟರ್ ಕೀ ಸಿಕ್ಕರೆ ಇಷ್ಟೂ ಕೆಲಸ ಆಗೋ ತನಕ ಯಾವುದನ್ನೂ ಪಬ್ಲಿಕ್ ಮಾಡೋ ಮಾತೇ ಇಲ್ಲ.

ಇನ್ನೊಂದು ಅಪಾಯ ಬಹಳ ಜನಕ್ಕೆ ಹೊಳೆಯಲ್ಲ. ಕಂಪನಿಯೊಳಗಿನ ಸರ್ವರನ್ನೇ ಆಕ್ಷನ್ಸ್ ರನ್ನರ್ ಆಗಿ ಜೋಡಿಸಿದ್ರೆ, ರೆಪೊ ಪಬ್ಲಿಕ್ ಆದ ಮೇಲೆ ಹೊರಗಿನವರು ಫೋರ್ಕ್ ಮಾಡಿ ಪುಲ್ ರಿಕ್ವೆಸ್ಟ್ ಕಳಿಸಿ ನಿಮ್ಮ ಸರ್ವರ್ ಮೇಲೆ ತಮ್ಮ ಕೋಡ್ ಓಡಿಸೋಕೆ ದಾರಿ ಆಗುತ್ತೆ. ಪಬ್ಲಿಕ್ ರೆಪೊಗೆ ಸ್ವಂತ ರನ್ನರ್ ಬೇಡ ಅಂತ ಗಿಟ್‌ಹಬ್‌ನ ಸಲಹೆಯೇ ಇದೆ.

ಎಲ್ಲರಿಗೂ ಪಬ್ಲಿಕ್ಕಾ, ಸದಸ್ಯರಿಗಷ್ಟೇ ಸಾಕಾ?

ಮಧ್ಯದ ದಾರಿಯೂ ಇದೆ. ಪೂರ್ತಿ ಪ್ರೈವೇಟ್, ಸದಸ್ಯರಿಗಷ್ಟೇ, ಪೂರ್ತಿ ಪಬ್ಲಿಕ್. ಇಲ್ಲಿ ಮತ್ತೆ ನನ್ನ ಮೊದಲ ಪ್ರಶ್ನೆ ಕೆಲಸಕ್ಕೆ ಬರುತ್ತೆ: ಪರೀಕ್ಷೆ ಮಾಡಬೇಕಾದವರು ಯಾರು?

ನಿಮ್ಮ ಚೈನ್ ಮೇಲೆ ನಂಬಿಕೆ ಇಟ್ಟು ನಷ್ಟ ಅನುಭವಿಸಬಹುದಾದವರು ಸದಸ್ಯರು ಮಾತ್ರ ಅಂದ್ರೆ, ಸದಸ್ಯರಿಗಷ್ಟೇ ಕೊಟ್ಟರೆ ಸಾಕು. ಇಬ್ಬರು ಕಂಪನಿಗಳು ತಮ್ಮ ಇನ್‌ವಾಯ್ಸ್ ಹೊಂದಿಸಿಕೊಳ್ಳೋಕೆ ನಡೆಸೋ ಚೈನ್‌ನ ಕಾನ್ಫಿಗ್ ಊರಿಗೆಲ್ಲ ಯಾಕೆ? ಆದ್ರೆ ನಮ್ಮಲ್ಲಿ ಹಾಗಿರಲಿಲ್ಲ. ರಸೀದಿ ಹಿಡಿದ ರೈತರು ಸದಸ್ಯರಲ್ಲ. ನಾಳೆ ಸೇರಬೇಕಾ ಅಂತ ಯೋಚಿಸ್ತಿರೋ ಬ್ಯಾಂಕ್ ಸದಸ್ಯ ಅಲ್ಲ. ಲೆಕ್ಕಪರಿಶೋಧಕರು ಸದಸ್ಯರಲ್ಲ. ರಸೀದಿ ವಿವಾದ ಕೋರ್ಟಿಗೆ ಹೋದ್ರೆ ಆ ದಿನ ಚೈನ್‌ನ ನಿಯಮ ಏನಿತ್ತು ಅಂತ ತೋರಿಸಬೇಕಾಗುತ್ತೆ. ಇವರೆಲ್ಲ ನಮ್ಮ ಹತ್ತಿರ ಬಂದು ಅನುಮತಿ ಕೇಳಿ ನೋಡಬೇಕು ಅಂದ್ರೆ ಮತ್ತೆ ನಮ್ಮನ್ನೇ ನಂಬಿದಂತಾಯ್ತು. ಅದಕ್ಕೇ ಪೂರ್ತಿ ಪಬ್ಲಿಕ್ ಅನ್ನೋ ಕಡೆ ನಾನು ವಾದ ಮಾಡಿದ್ದು.

ಒಂದು ಎಚ್ಚರಿಕೆ: ಕಾನ್ಫಿಗ್ ಪಬ್ಲಿಕ್ ಅಂದ್ರೆ ಡೇಟಾ ಪಬ್ಲಿಕ್ ಅಲ್ಲ. ಯಾರ ರಸೀದಿ, ಎಷ್ಟು ಸಾಲ ಅನ್ನೋದು ಚೈನ್‌ನ ಅನುಮತಿ ವ್ಯವಸ್ಥೆಯೊಳಗೇ ಇರುತ್ತೆ. ಮೀಟಿಂಗಲ್ಲಿ ಮ್ಯಾನೇಜರ್‌ಗಳಿಗೆ ಈ ವ್ಯತ್ಯಾಸವನ್ನ ಮೊದಲ ಸ್ಲೈಡ್‌ನಲ್ಲೇ ಹೇಳಿ. ಅರ್ಧ ಗಾಬರಿ ಅಲ್ಲೇ ಇಳಿಯುತ್ತೆ.

ಕಾಗದಪತ್ರದ ಕೆಲಸವೂ ಇದೆ. ಕನ್ಸಾರ್ಶಿಯಂ ಕಾನ್ಫಿಗ್ ಒಬ್ಬರ ಆಸ್ತಿ ಅಲ್ಲ. ಸದಸ್ಯರ ಹೆಸರು ಹಾಕೋಕೆ ಅವರ ಲಿಖಿತ ಒಪ್ಪಿಗೆ ಬೇಕು, ಗೋಪ್ಯತೆ ಒಪ್ಪಂದಗಳನ್ನ ಓದಬೇಕು. ಲೈಸೆನ್ಸ್ ಫೈಲ್ ಹಾಕದೇ ಪಬ್ಲಿಕ್ ಮಾಡಿದ್ರೆ ಜನ ನೋಡಬಹುದು, ಬಳಸೋ ಹಕ್ಕು ಸಿಗಲ್ಲ. ಅಪಾಚೆ 2.0 ಥರದ್ದೊಂದನ್ನ ಲೀಗಲ್‌ನವರ ಜೊತೆ ಕೂತು ಆರಿಸಿ. ಇನ್ನು ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸೈಬರ್ ಘಟನೆಗಳನ್ನ 6 ಗಂಟೆಯೊಳಗೆ ವರದಿ ಮಾಡಬೇಕು. ರೆಪೊ ಮೂಲಕ ಏನಾದ್ರೂ ಸೋರಿದ್ರೆ ಯಾರು ಫೋನ್ ಮಾಡ್ತಾರೆ, ಯಾರು ವರದಿ ಬರೀತಾರೆ ಅನ್ನೋದನ್ನ ಮೊದಲೇ ತೀರ್ಮಾನಿಸಿ.

ನಾವು ಕೊನೆಗೆ ಮಾಡಿದ್ದು

ಹೊಸ ರೆಪೊ ಒಂದನ್ನ ಖಾಲಿ ಹಿಸ್ಟರಿಯಿಂದ ಶುರು ಮಾಡಿದೆವು. ಅದರಲ್ಲಿ ಜೆನೆಸಿಸ್ ಫೈಲ್, ಚೈನ್ ಐಡಿ, ಯಾವ ಬ್ಲಾಕ್‌ಗೆ ಯಾವ ನಿಯಮ ಅನ್ನೋ ಪಟ್ಟಿ, ಬೂಟ್‌ನೋಡ್‌ಗಳು, ಕಾಂಟ್ರಾಕ್ಟ್‌ಗಳ ವಿಳಾಸ, ವ್ಯಾಲಿಡೇಟರ್ ಅಡ್ರೆಸ್ ಮತ್ತು ಅದನ್ನ ನಡೆಸೋ ಸಂಸ್ಥೆಯ ಹೆಸರು ಇವೆ. ಬೂಟ್‌ನೋಡ್‌ಗಳು ವ್ಯಾಲಿಡೇಟರ್‌ಗಳಲ್ಲ, ಎದುರಿಗೆ ನಿಲ್ಲೋಕೆ ಅಂತಲೇ ಇರೋ ಬೇರೆ ಯಂತ್ರಗಳು. ಐಪಿ, ಫೈರ್‌ವಾಲ್, ಅಲರ್ಟ್, ಟೆರಾಫಾರ್ಮ್ ಎಲ್ಲ ಹಳೇ ಪ್ರೈವೇಟ್ ರೆಪೊದಲ್ಲೇ ಉಳಿದವು. ಕೀಗಳು ವಾಲ್ಟ್‌ನಲ್ಲಿ.

ಇಲ್ಲೊಂದು ಸೂಕ್ಷ್ಮ ಇದೆ. ಜೆನೆಸಿಸ್ ಫೈಲ್‌ನ ಎಲ್ಲ ಸಾಲುಗಳೂ ಜೆನೆಸಿಸ್ ಹ್ಯಾಶ್‌ನೊಳಗೆ ಬರಲ್ಲ. ಮೊದಲ ಬ್ಲಾಕ್‌ನ ಹೆಡರ್ ಮಾತ್ರ ಹ್ಯಾಶ್ ಆಗುತ್ತೆ, ನಿಯಮ ಯಾವ ಬ್ಲಾಕ್‌ಗೆ ಬದಲಾಗುತ್ತೆ ಅನ್ನೋ ಭಾಗ ಅದರ ಹೊರಗಿರುತ್ತೆ. ಅಂದ್ರೆ ಇಬ್ಬರ ಜೆನೆಸಿಸ್ ಹ್ಯಾಶ್ ಒಂದೇ ಇದ್ದರೂ ನಿಯಮ ಬೇರೆ ಇರಬಹುದು, ಬದಲಾವಣೆಯ ಬ್ಲಾಕ್ ಬಂದ ದಿನ ದಾರಿ ಕವಲೊಡೆಯುತ್ತೆ. "ಹ್ಯಾಶ್ ಕೊಟ್ಟಿದ್ದೀವಲ್ಲ, ಸಾಕು" ಅನ್ನೋ ಹಾಗಿಲ್ಲ. ಪೂರ್ತಿ ಫೈಲ್, ಸಹಿ ಮಾಡಿದ ಟ್ಯಾಗ್ ಜೊತೆ ಕೊಡಬೇಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಎರಡು ರೆಪೊ ಆದ ಮೇಲೆ ಪಬ್ಲಿಕ್ ರೆಪೊ ಶೋಕೇಸ್ ಆಗಿ, ಪ್ರೊಡಕ್ಷನ್ ಬೇರೆಯೇ ದಾರಿ ಹಿಡಿಯಬಹುದು. ಸುಳ್ಳು ಹೇಳೋ ಪಬ್ಲಿಕ್ ರೆಪೊಗಿಂತ ಬಾಯಿ ಮುಚ್ಚಿಕೊಂಡಿರೋ ಪ್ರೈವೇಟ್ ರೆಪೊ ವಾಸಿ. ಅದಕ್ಕೆ ನಮ್ಮ ಪ್ರೊಡಕ್ಷನ್ ಡಿಪ್ಲಾಯ್‌ಮೆಂಟ್ ನಿಯಮದ ಫೈಲ್‌ಗಳನ್ನ ಪಬ್ಲಿಕ್ ರೆಪೊದಿಂದಲೇ, ನಿಗದಿತ ಕಮಿಟ್ ಹ್ಯಾಶ್ ಹಿಡಿದು ತಗೊಳ್ಳುತ್ತೆ. ಪ್ರೈವೇಟ್ ರೆಪೊದಲ್ಲಿ ಆ ಫೈಲ್‌ಗಳ ಪ್ರತಿಯೇ ಇಲ್ಲ. ಬದಲಾವಣೆ ಬೇಕಾದ್ರೆ ಪಬ್ಲಿಕ್‌ನಲ್ಲಿ ಪುಲ್ ರಿಕ್ವೆಸ್ಟ್, ಸದಸ್ಯರ ಒಪ್ಪಿಗೆ, ಆಮೇಲೆ ಮರ್ಜ್.

ನಾಲ್ಕು ವ್ಯಾಲಿಡೇಟರ್‌ಗಳ ಮುಜುಗರ ಏನಾಯ್ತು? ವ್ಯಾಲಿಡೇಟರ್ ಪಟ್ಟಿಯಲ್ಲಿ ನಡೆಸೋರ ಹೆಸರು ಹಾಕಬೇಕು ಅಂತ ತೀರ್ಮಾನ ಆದ ಮೇಲೆ, ಒಂದೇ ಹೆಸರು ನಾಲ್ಕು ಸಲ ಬರೋ ಪಟ್ಟಿಯನ್ನ ಹೊರಗೆ ಬಿಡೋಕೆ ಯಾರಿಗೂ ಮನಸ್ಸಿರಲಿಲ್ಲ. ವರ್ಷದಿಂದ "ಮುಂದಿನ ಕ್ವಾರ್ಟರ್" ಅಂತ ಮುಂದೆ ಹೋಗ್ತಿದ್ದ ಕೆಲಸ ಆರು ವಾರದಲ್ಲಿ ಮುಗೀತು. ಈಗ ನಮ್ಮ ಹತ್ತಿರ ಎರಡೇ ಇವೆ, ಒಂದನ್ನ ಆ ಸಹಕಾರಿ ಬ್ಯಾಂಕೇ ನಡೆಸುತ್ತೆ. ಅವರ ಐಟಿ ಅಧಿಕಾರಿ ಪಬ್ಲಿಕ್ ರೆಪೊದಿಂದ ಫೈಲ್ ತಗೊಂಡು, ಮೊದಲ ಬ್ಲಾಕ್‌ನಿಂದ ಸಿಂಕ್ ಮಾಡಿ, ಕೊನೇ ಬ್ಲಾಕ್‌ನ ಸ್ಟೇಟ್ ರೂಟನ್ನ ನಮ್ಮದರ ಜೊತೆ ಹೋಲಿಸಿ ನೋಡಿದ್ರು. ಹೊಂದಿತು. ಆಮೇಲೆ ಅವರು ತೆಗೆದ ಮೊದಲ ಇಶ್ಯೂ ಏನು ಗೊತ್ತಾ? ರೀಡ್‌ಮಿ ಫೈಲ್‌ನಲ್ಲಿದ್ದ ಕಮ್ಯಾಂಡ್ ಹಳೇ ಬೆಸು ವರ್ಶನ್‌ದು, ಹೊಸದರಲ್ಲಿ ಓಡಲ್ಲ ಅಂತ. ಅವತ್ತೇ ತಿದ್ದಿದೆವು.

ಇದರ ಖರ್ಚನ್ನೂ ಹೇಳಿಬಿಡ್ತೀನಿ. ಪಬ್ಲಿಕ್ ರೆಪೊಗೆ ಒಬ್ಬರು ಹೊಣೆ ಇರಬೇಕು, ಪ್ರಶ್ನೆ ಬಂದ್ರೆ ಉತ್ತರ ಕೊಡಬೇಕು, ಪ್ರತಿ ಮರ್ಜ್‌ಗೂ ಸ್ಕ್ಯಾನರ್ ಓಡಬೇಕು. ವಾರಕ್ಕೆ ಕೆಲವು ಗಂಟೆ ಹೋಗುತ್ತೆ. ಆ ಗಂಟೆಗಳನ್ನ ಕೊಡೋಕೆ ಟೀಮ್ ಸಿದ್ಧ ಇಲ್ಲ ಅಂದ್ರೆ, ಸದಸ್ಯರಿಗಷ್ಟೇ ಅನ್ನೋ ಹಂತದಲ್ಲೇ ನಿಲ್ಲಿ.

ನಿಮ್ಮ ಟೀಮಲ್ಲಿ ಈ ಮಾತು ಬಂದಾಗ ನಾಲ್ಕೇ ಪ್ರಶ್ನೆ ಬೋರ್ಡ್ ಮೇಲೆ ಬರೆಯಿರಿ. ಇದನ್ನ ಪರೀಕ್ಷಿಸಬೇಕಾದವರು ಯಾರು? ನಾವು ಮುಚ್ಚಿಡ್ತಿರೋದು ಗುಟ್ಟಾ, ನಕ್ಷೆಯಾ, ಮುಜುಗರವಾ? ಹಿಸ್ಟರಿ ಬಿಟ್ಟು ಹೊಸದಾಗಿ ಶುರು ಮಾಡ್ತಿದ್ದೀವಾ? ಪ್ರೊಡಕ್ಷನ್ ಇದರಿಂದಲೇ ಓಡುತ್ತಾ? ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಪಬ್ಲಿಕ್ಕೋ ಪ್ರೈವೇಟೋ ಅನ್ನೋದನ್ನ ತೀರ್ಮಾನಿಸೋದು ಅಷ್ಟು ಕಷ್ಟ ಆಗಲ್ಲ.

ಮುಂದಿನ ಮಾತಲ್ಲಿ ವಾಲ್ಟ್ ಮತ್ತು ಎಚ್‌ಎಸ್‌ಎಂ ಬಗ್ಗೆ, ಅಂದ್ರೆ ಆ ಬೀಗದ ಕೈಯನ್ನ ಎಲ್ಲಿಡಬೇಕು ಅನ್ನೋದರ ಬಗ್ಗೆ ನೋಡೋಣ.